ನಾಲ್ಕು ತೂತು, ಒಂದು ಇಂಚು: ಮಸ್ಟಾಂಗ್ ತಿರುಗೋದು ಕಲಿತ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



2020ರ ಜುಲೈ ತಿಂಗಳು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಹಳೇ ಕಾರು ಹರಾಜಿಗೆ ಬಂತು. ಬಿಳಿ ಬಣ್ಣ, ನೀಲಿ ಪಟ್ಟೆ, 1965ರ ಶೆಲ್ಬಿ ಜಿಟಿ350 ಆರ್. ಅದು ಮಾರಾಟವಾದ ಬೆಲೆ 38.5 ಲಕ್ಷ ಡಾಲರ್. 'ಫೋರ್ಡ್ ವರ್ಸಸ್ ಫೆರಾರಿ' ಸಿನಿಮಾ ನೋಡಿದ್ದೀರಾ? ಅದರಲ್ಲಿ ಕ್ರಿಶ್ಚಿಯನ್ ಬೇಲ್ ಮಾಡಿರೋ ಪಾತ್ರ ಕೆನ್ ಮೈಲ್ಸ್‌ನದು. ಆ ನಿಜವಾದ ಕೆನ್ ಮೈಲ್ಸ್ 1965ರಲ್ಲಿ ಓಡಿಸಿದ ಕಾರು ಇದು.

ಕೋಟಿಗಟ್ಟಲೆ ಬೆಲೆಯ ಕಾರು, ನಮಗೇನು ಅಂತೀರಾ? ಇಲ್ಲೇ ಇರೋದು ಮಜಾ. ಆ ಕಾರು ತಿರುವುಗಳಲ್ಲಿ ಬೇರೆಯವರನ್ನ ಹಿಂದೆ ಹಾಕೋಕೆ ಕಾರಣವಾದ ಒಂದು ಬದಲಾವಣೆ ಇದೆಯಲ್ಲ, ಅದನ್ನ ಇವತ್ತೂ ಒಬ್ಬ ಸಾಮಾನ್ಯ ಮಸ್ಟಾಂಗ್ ಮಾಲೀಕ ತನ್ನ ಮನೆ ಶೆಡ್ಡಿನಲ್ಲಿ ಮಾಡಿಕೊಳ್ತಾನೆ. ಬೇಕಾಗೋದು ಒಂದು ಡ್ರಿಲ್ ಮಷೀನು, ಗ್ಯಾರೇಜಿನ ಒಂದಷ್ಟು ಟೂಲ್ಸು, ಒಂದು ಭಾನುವಾರ. ಕೊರೆಯೋದು ನಾಲ್ಕು ತೂತು. ಜಾಗ ಬದಲಾಗೋದು ಒಂದೇ ಇಂಚು.

ಇವತ್ತಿನ ಸಂಚಿಕೆ ಆ ಒಂದು ಇಂಚಿನ ಚರಿತ್ರೆ.

ಮೇಲೆ ಕುದುರೆ, ಒಳಗೆ ಫಾಲ್ಕನ್

1964ರ ಏಪ್ರಿಲ್ 17. ನ್ಯೂಯಾರ್ಕ್ ವರ್ಲ್ಡ್ ಫೇರ್‌ನಲ್ಲಿ ಫೋರ್ಡ್ ಕಂಪನಿ ಮಸ್ಟಾಂಗ್ ಅನ್ನೋ ಹೊಸ ಕಾರನ್ನ ಪರದೆ ಸರಿಸಿ ತೋರಿಸಿತು. ಉದ್ದ ಮೂತಿ, ಗಿಡ್ಡ ಬಾಲ, ಮುಂದೆ ಓಡೋ ಕುದುರೆಯ ಲಾಂಛನ. ಶುರುವಿನ ಬೆಲೆ 2,368 ಡಾಲರ್. ಮೊದಲ ದಿನವೇ ಸುಮಾರು 22,000 ಆರ್ಡರ್. ಎರಡು ವರ್ಷ ತುಂಬೋದಕ್ಕೂ ಮುಂಚೆ ಹತ್ತು ಲಕ್ಷ ಕಾರು ತಯಾರಾಗಿ ಹೋದವು. ಈ ಯೋಜನೆಯ ಹಿಂದೆ ನಿಂತಿದ್ದ ಲೀ ಐಕೋಕ ರಾತ್ರಿ ಕಳೆದು ಬೆಳಗಾಗೋದರಲ್ಲಿ ದೇಶದ ತುಂಬ ಹೆಸರಾದ.

ಅಷ್ಟು ಕಡಿಮೆ ಬೆಲೆಗೆ ಅಷ್ಟು ಚಂದದ ಕಾರು ಕೊಟ್ಟಿದ್ದು ಹೇಗೆ? ಒಳಗಿನ ಸಾಮಾನು ಹಳೇದು. 1960ರ ಮಾಡೆಲ್ ಆಗಿ ಬಂದ ಫಾಲ್ಕನ್ ಅನ್ನೋ ಸಾದಾ ಸಂಸಾರಸ್ಥರ ಕಾರಿನ ತಳಪಾಯವೇ ಇದರದ್ದೂ. ತರಕಾರಿ ತರೋಕೆ, ಮಕ್ಕಳನ್ನ ಸ್ಕೂಲಿಗೆ ಬಿಡೋಕೆ ಅಂತ ಲೆಕ್ಕ ಹಾಕಿ ಮಾಡಿದ ಸಸ್ಪೆನ್ಷನ್ ಅದು. ಮುಂದೆ ಎರಡೂ ಚಕ್ರಕ್ಕೆ ಸುರುಳಿ ಸ್ಪ್ರಿಂಗು. ಹಿಂದೆ ಒಂದೇ ಗಟ್ಟಿ ಆಕ್ಸಲ್, ಅದಕ್ಕೆ ಲಾರಿಗಳಲ್ಲಿ ಕಾಣ್ತೀರಲ್ಲ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಆ ಲೀಫ್ ಸ್ಪ್ರಿಂಗು. ನಮ್ಮ ಪದ್ಮಿನಿ ಕಾರು, ಅಂದ್ರೆ ಹಳೇ ಫಿಯೆಟ್, ಅದರ ಜೋಡಣೆಯೂ ಸ್ಥೂಲವಾಗಿ ಇದೇ: ಮುಂದೆ ಸುರುಳಿ, ಹಿಂದೆ ಪಟ್ಟಿ.

ನೇರ ರಸ್ತೆಯಲ್ಲಿ ಇದರದ್ದೇನೂ ತಕರಾರಿಲ್ಲ. ತಕರಾರು ಶುರುವಾಗೋದು ಸ್ಟೀರಿಂಗ್ ತಿರುಗಿಸಿದಾಗ.

ತಿರುವಿನಲ್ಲಿ ಏನಾಗ್ತಿತ್ತು?

ಖೋ ಖೋ ಆಡಿದ್ದೀರಲ್ಲ? ಕಂಬ ಸುತ್ತೋವಾಗ ಹೊರಗಿನ ಪಾದ ಪೂರ್ತಿ ನೆಲಕ್ಕೆ ಕೂತಿದ್ರೆ ಮೈ ನಿಮ್ಮ ಹಿಡಿತದಲ್ಲಿರತ್ತೆ. ಪಾದದ ಅಂಚು ಮಾತ್ರ ತಾಗಿದ್ರೆ? ಜಾರಿ ಹೋಗ್ತೀರಿ. ಟೈರಿಗೂ ಅದೇ ನಿಯಮ. ಕಾರು ಎಡಕ್ಕೆ ತಿರುಗಿದಾಗ ಬಾಡಿ ಬಲಕ್ಕೆ ವಾಲತ್ತೆ, ಭಾರವೆಲ್ಲ ಬಲಗಡೆ ಮುಂದಿನ ಟೈರಿನ ಮೇಲೆ ಬೀಳತ್ತೆ. ಆ ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರಬೇಕು. ಆದರೆ ಸಾದಾ ಮಸ್ಟಾಂಗ್‌ನಲ್ಲಿ ಬಾಡಿ ವಾಲಿದ ಕಡೆಗೇ ಚಕ್ರದ ತಲೆಯೂ ವಾಲ್ತಿತ್ತು. ಟೈರು ಹೊರ ಅಂಚಿನ ಮೇಲೆ ನಿಲ್ತಿತ್ತು. ಡ್ರೈವರ್ ಸ್ಟೀರಿಂಗ್ ಎಷ್ಟೇ ತಿರುಗಿಸಿದ್ರೂ ಕಾರು ಮುಖ ಮುಂದೆ ಮಾಡಿಕೊಂಡು ನೇರ ಹೋಗೋಕೇ ನೋಡ್ತಿತ್ತು. ಇದನ್ನ ಅಂಡರ್‌ಸ್ಟಿಯರ್ ಅಂತಾರೆ.

ಫೋರ್ಡ್‌ನವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಮನೆ ಮಂದಿ ಓಡಿಸೋ ಕಾರಿಗೆ ಸ್ವಲ್ಪ ಅಂಡರ್‌ಸ್ಟಿಯರ್ ಇರಲಿ ಅಂತ ಕಂಪನಿಗಳೇ ಬಯಸ್ತಾವೆ. ಯಾಕಂದ್ರೆ ಹೆದರಿದ ಡ್ರೈವರ್ ಮಾಡೋ ಮೊದಲ ಕೆಲಸ ಆಕ್ಸಿಲರೇಟರಿಂದ ಕಾಲು ತೆಗೆಯೋದು. ಅಂಡರ್‌ಸ್ಟಿಯರ್ ಇರೋ ಕಾರು ಆಗ ತಾನಾಗೇ ದಾರಿಗೆ ಬರತ್ತೆ. ಬಾಲ ಬೀಸೋ ಕಾರಾದ್ರೆ ಗಿರ್ರನೆ ಸುತ್ತಿಬಿಡತ್ತೆ. ಹಾಗಾಗಿ ದಿನಬಳಕೆಗೆ ಈ ಗುಣ ಒಳ್ಳೆಯದೇ. ರೇಸಿಗೆ ಮಾತ್ರ ಆಗಿಬರಲ್ಲ.

ಕ್ಲಾಸ್ ಆರ್ನಿಂಗ್ ಕಂಡ ಒಂದು ಇಂಚು

ಈಗ ಒಂದು ಹೆಸರು ಹೇಳ್ತೀನಿ, ಸಿನಿಮಾದಲ್ಲಿ ಈ ಹೆಸರು ಸಿಗಲ್ಲ. ಕ್ಲಾಸ್ ಆರ್ನಿಂಗ್. ಫೋರ್ಡ್ ಕಂಪನಿಯ ಸಸ್ಪೆನ್ಷನ್ ಇಂಜಿನಿಯರ್. ಸ್ಲೈಡ್ ರೂಲು, ಡ್ರಾಯಿಂಗ್ ಬೋರ್ಡು ಹಿಡಿದು ಎಲ್ಲರೂ ಲೆಕ್ಕ ಹಾಕ್ತಿದ್ದ ಕಾಲದಲ್ಲಿ, ಚಕ್ರ ಮೇಲೆ ಕೆಳಗೆ ಆದಾಗ ಯಾವ ಕೋನದಲ್ಲಿ ನಿಲ್ಲತ್ತೆ ಅನ್ನೋದನ್ನ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿಸಿದವರಲ್ಲಿ ಅವನೂ ಒಬ್ಬ. ಅವನ ಪರಿಹಾರ ಎಷ್ಟು ಸರಳ ಅಂದ್ರೆ, ಕೇಳಿದ್ರೆ ನಗು ಬರತ್ತೆ. ಮುಂದಿನ ಚಕ್ರವನ್ನ ಮೇಲ್ಗಡೆ ಹಿಡಿದಿರೋ ಅಪ್ಪರ್ ಕಂಟ್ರೋಲ್ ಆರ್ಮ್ ಅನ್ನೋ ತೋಳಿದೆಯಲ್ಲ, ಅದರ ಒಳತುದಿಯನ್ನ ಬಾಡಿಗೆ ಬೋಲ್ಟ್ ಮಾಡೋ ಜಾಗವನ್ನ ಒಂದು ಇಂಚು ಕೆಳಗಿಳಿಸಿ. ಅಷ್ಟೇ.

ಅಷ್ಟರಿಂದ ಏನಾಗತ್ತೆ? ನಿಮ್ಮ ಕೈಯನ್ನೇ ಬಳಸಿ ನೋಡಿ. ಬಸ್ಸಲ್ಲಿದ್ರೆ ಬೇಡ, ಪಕ್ಕದವರಿಗೆ ತಾಗೀತು. ಕೈಯನ್ನ ಪಕ್ಕಕ್ಕೆ, ಭುಜಕ್ಕಿಂತ ಸ್ವಲ್ಪ ಕೆಳಗೆ ಚಾಚಿ. ಈಗ ನಿಧಾನ ಎತ್ತಿ. ಭುಜದ ಮಟ್ಟಕ್ಕೆ ಬರೋ ತನಕ ಬೆರಳ ತುದಿ ಮೈಯಿಂದ ದೂರ ಹೋಗ್ತಾ ಇರತ್ತೆ. ಮಟ್ಟ ದಾಟಿ ಮೇಲೆತ್ತಿದಿರೋ, ಬೆರಳು ತಲೆಯ ಕಡೆಗೆ ವಾಪಸ್ ಬರೋಕೆ ಶುರು. ಕಾರಿನ ತೋಳೂ ಹೀಗೇ. ಭುಜ ಅಂದ್ರೆ ಒಳಗಿನ ಬೋಲ್ಟು, ಬೆರಳು ಅಂದ್ರೆ ಚಕ್ರದ ತಲೆ. ಭುಜವನ್ನೇ ಒಂದು ಇಂಚು ಕೆಳಗಿಟ್ಟರೆ, ಚಕ್ರ ಮೇಲೆದ್ದ ಹಾಗೆಲ್ಲ ಅದರ ತಲೆ ಒಳಕ್ಕೆ ಎಳೆದುಕೊಳ್ಳತ್ತೆ. ಬಾಡಿ ಹೊರಗೆ ವಾಲಿದ್ರೂ ಟೈರು ನೆಟ್ಟಗೆ ನಿಂತು ನೆಲ ಹಿಡಿಯತ್ತೆ.

ಜೊತೆಗೆ ಒಂದು ಲಾಭ ಪುಕ್ಕಟೆ. ಮಸ್ಟಾಂಗ್‌ನಲ್ಲಿ ಸ್ಪ್ರಿಂಗು ಕೂರೋದು ಆ ಮೇಲಿನ ತೋಳಿನ ಮೇಲೇ. ಹಾಗಾಗಿ ತೋಳಿನ ಬುಡ ಇಳಿದರೆ ಕಾರಿನ ಮೂತಿಯೂ ಅರ್ಧ ಇಂಚಿಗಿಂತ ತುಸು ಜಾಸ್ತಿಯೇ ತಗ್ಗತ್ತೆ. ಸ್ಪ್ರಿಂಗು ಕತ್ತರಿಸೋದು ಬೇಡ, ಹೊಸದು ಕೊಳ್ಳೋದೂ ಬೇಡ.

ರೂಲ್ ಬುಕ್ಕು ಕೊಟ್ಟ ಅವಕಾಶ

ಈ ಇಂಚು ರಸ್ತೆಗೆ ಬಂದಿದ್ದು ಕ್ಯಾರಲ್ ಶೆಲ್ಬಿಯಿಂದ. ಟೆಕ್ಸಾಸ್‌ನಲ್ಲಿ ಒಂದು ಕಾಲಕ್ಕೆ ಕೋಳಿ ಸಾಕ್ತಿದ್ದವನು. 1959ರಲ್ಲಿ ಆಸ್ಟನ್ ಮಾರ್ಟಿನ್ ಕಾರಿನಲ್ಲಿ ಲೆ ಮಾನ್ 24 ಗಂಟೆ ರೇಸ್ ಗೆದ್ದ. ಹೃದಯದ ಕಾಯಿಲೆಯಿಂದ ಮರುವರ್ಷವೇ ರೇಸಿಂಗ್ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಕಾರು ಕಟ್ಟೋಕೆ ಕೂತ.

ಮಸ್ಟಾಂಗ್ ಬರೀ ಚಂದದ ಗೊಂಬೆ ಅಲ್ಲ ಅಂತ ಸಾಬೀತಾಗಬೇಕು. ಅದಕ್ಕೆ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್, ಅಂದ್ರೆ ಎಸ್‌ಸಿಸಿಎ ನಡೆಸೋ ರೇಸುಗಳಲ್ಲಿ ಅದು ಗೆಲ್ಲಬೇಕು. ಫೋರ್ಡ್ ಈ ಕೆಲಸವನ್ನ ಶೆಲ್ಬಿಗೆ ವಹಿಸಿತು. ಕ್ಲಬ್ಬಿನ ಷರತ್ತು ಹೀಗಿತ್ತು: ಎರಡೇ ಸೀಟಿನ ಕಾರಾಗಿರಬೇಕು, ಕನಿಷ್ಠ 100 ಕಾರು ತಯಾರಾಗಿರಬೇಕು. ರೇಸ್ ಕಾರಿನಲ್ಲಿ ರಸ್ತೆ ಕಾರಿಗಿಂತ ಬೇರೆಯಾಗಿ ಇಂಜಿನ್ ಬದಲಾಯಿಸಿಕೊಳ್ಳಿ, ಇಲ್ಲಾ ಸಸ್ಪೆನ್ಷನ್ ಬದಲಾಯಿಸಿಕೊಳ್ಳಿ, ಎರಡನ್ನೂ ಮಾಡೋ ಹಾಗಿಲ್ಲ.

ಶೆಲ್ಬಿ ತಂಡ ಲೆಕ್ಕ ಹಾಕಿತು. ರೇಸಿಗೆ ಮುಂಚೆ ಇಂಜಿನ್ ಬೇರೆ ಕೂರಿಸೋದು ಸುಲಭ. ಹಾಗಾದ್ರೆ ರೇಸಿನ ಸಸ್ಪೆನ್ಷನ್ನನ್ನ ಮಾರಾಟಕ್ಕೆ ಹೋಗೋ ಪ್ರತಿಯೊಂದು ಕಾರಿಗೂ ಹಾಕಿಬಿಡೋಣ! ಹೀಗೆ ಒಂದು ನಿಯಮದ ಪುಣ್ಯದಿಂದ ರೇಸ್ ಡ್ರೈವರ್‌ಗಳಿಗೆ ಮಾತ್ರ ಸಿಗಬೇಕಾಗಿದ್ದ ಆ ಒಂದು ಇಂಚು ಅಂಗಡಿಯಲ್ಲಿ ದುಡ್ಡು ಕೊಟ್ಟು ಕಾರು ಕೊಂಡವನಿಗೂ ಸಿಕ್ಕಿತು.

ಸ್ಯಾನ್ ಹೋಸೆಯ ಫೋರ್ಡ್ ಕಾರ್ಖಾನೆಯಿಂದ ಬಿಳಿ ಮಸ್ಟಾಂಗ್‌ಗಳು ಲಾಸ್ ಏಂಜಲೀಸ್ ಹತ್ತಿರದ ವೆನಿಸ್‌ನಲ್ಲಿದ್ದ ಶೆಲ್ಬಿ ಶೆಡ್ಡಿಗೆ ಬರ್ತಿದ್ದವು. ಅಲ್ಲಿನ ಹುಡುಗರು ಒಂದೊಂದು ಕಾರಿನ ಮುಂಭಾಗವನ್ನೂ ಬಿಚ್ಚಿ, ಹೊಸ ತೂತು ಕೊರೆದು, ತೋಳನ್ನ ಒಂದು ಇಂಚು ಇಳಿಸಿ ಮತ್ತೆ ಕಟ್ಟುತ್ತಿದ್ದರು. ಮುಂದೆ ಒಂದು ಇಂಚು ದಪ್ಪದ ಆಂಟಿ ರೋಲ್ ಬಾರ್, ನಾಲ್ಕೂ ಕಡೆ ಕೋನಿ ಶಾಕ್ ಅಬ್ಸಾರ್ಬರ್, ಹಿಂದಿನ ಆಕ್ಸಲ್ ತಿರುಚಿಕೊಳ್ಳದ ಹಾಗೆ ಟ್ರ್ಯಾಕ್ಷನ್ ಬಾರ್. ಹಿಂದಿನ ಸೀಟು ತೆಗೆದು ಅಲ್ಲಿ ಸ್ಟೆಪ್ನಿ ಇಟ್ಟರು, ಎರಡು ಸೀಟಿನ ಷರತ್ತೂ ಮುಗೀತು. ಹೆಸರು? ಅದಕ್ಕೂ ಒಂದು ಕಥೆ ಇದೆ. ಹೆಸರಿಡೋ ಮೀಟಿಂಗುಗಳು ಮುಗಿಯೋದೇ ಇಲ್ಲ ಅಂತ ಬೇಜಾರಾದ ಶೆಲ್ಬಿ, ಎದುರಿನ ಕಟ್ಟಡ ಎಷ್ಟು ದೂರ ಇದೆ ನೋಡಿ ಅಂದನಂತೆ. ಸುಮಾರು 350 ಅಡಿ ಅಂತ ಉತ್ತರ ಬಂತು. ಜಿಟಿ350 ಆಯ್ತು.

1965ರ ಫೆಬ್ರವರಿ 14, ಟೆಕ್ಸಾಸ್‌ನ ಗ್ರೀನ್ ವ್ಯಾಲಿ ಟ್ರ್ಯಾಕು. ಕೆನ್ ಮೈಲ್ಸ್ ಓಡಿಸಿದ ಜಿಟಿ350 ತನ್ನ ಮೊದಲ ರೇಸನ್ನೇ ಗೆದ್ದಿತು. ನಾಲ್ಕೂ ಚಕ್ರ ಗಾಳಿಯಲ್ಲಿರೋ ಅದರ ಅವತ್ತಿನ ಫೋಟೋ ಇವತ್ತಿಗೂ ಪ್ರಸಿದ್ಧ. 1965, 66, 67, ಸತತ ಮೂರು ವರ್ಷ ಬಿ-ಪ್ರೊಡಕ್ಷನ್ ವರ್ಗದ ರಾಷ್ಟ್ರೀಯ ಪಟ್ಟ ಜಿಟಿ350ಗಳದ್ದೇ.

1966: ತೂತಿಗೂ ಖರ್ಚಿದೆ

ಮೊದಲ ವರ್ಷ ತಯಾರಾದ ಜಿಟಿ350ಗಳು ಒಟ್ಟು 562. ಬೆಲೆ ಹತ್ತಿರ ಹತ್ತಿರ 4,500 ಡಾಲರ್, ಸಾದಾ ಮಸ್ಟಾಂಗ್‌ನ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ಕೊಂಡವರಲ್ಲಿ ಎಷ್ಟೋ ಜನ ಗೊಣಗಿದರು. ಗಟ್ಟಿ ಸಸ್ಪೆನ್ಷನ್ನು ಬೆನ್ನು ಮುರಿಯತ್ತೆ, ಸದ್ದು ಜಾಸ್ತಿ, ಹಿಂದೆ ಸೀಟಿಲ್ಲ. ಜೊತೆಗೆ ಒಂದೊಂದು ಕಾರನ್ನೂ ಬಿಚ್ಚಿ ಕೊರೆದು ಕಟ್ಟೋ ಕೂಲಿ ಖರ್ಚು ಬೇರೆ.

1966ರ ಮಾಡೆಲ್ ಮೊದಲಲ್ಲೇ ಸಾವಿರಾರು ಕಾರು ಮಾರೋ ಯೋಚನೆ ಬಂದಿತ್ತು. ಹರ್ಟ್ಜ್ ಬಾಡಿಗೆ ಕಾರು ಕಂಪನಿಯೊಂದೇ ಸುಮಾರು ಸಾವಿರ ಕಾರು ತಗೊಂಡಿತು. ಹೀಗೆ ಸಂಖ್ಯೆ ಏರಿದಾಗ ಮೊದಲು ಕತ್ತರಿ ಬಿದ್ದಿದ್ದು ಕಣ್ಣಿಗೆ ಕಾಣದ ಕೆಲಸಗಳಿಗೆ. ಆರಂಭದ ಕೆಲವು ನೂರು ಕಾರು ಮುಗಿದ ಮೇಲೆ ತೋಳು ಇಳಿಸೋದನ್ನೇ ನಿಲ್ಲಿಸಿದರು. ನೀಲಿ ಪಟ್ಟೆ ಉಳೀತು, ಶೆಲ್ಬಿ ಹೆಸರು ಉಳೀತು, ಆ ಇಂಚು ಹೋಯ್ತು.

ಕೆನ್ ಮೈಲ್ಸ್ ಕೂಡ ಅದೇ ವರ್ಷ ಹೋದ. 1966ರ ಆಗಸ್ಟ್ 17ರಂದು ರಿವರ್‌ಸೈಡ್ ಟ್ರ್ಯಾಕಿನಲ್ಲಿ ಫೋರ್ಡ್‌ನ ಹೊಸ ರೇಸ್ ಕಾರು ಪರೀಕ್ಷೆ ಮಾಡುವಾಗ ಅಪಘಾತದಲ್ಲಿ ತೀರಿಕೊಂಡ.

ಕಂಪನಿಯ ಕಡೆಯಿಂದ ನೋಡಿದ್ರೆ ಕಥೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ.

ಪಾರ್ಕಿಂಗ್ ಲಾಟಿನ ರೇಸು

ಯಾಕೆ ಮುಗೀಲಿಲ್ಲ ಅಂದ್ರೆ, ರಸ್ತೆಯ ಮೇಲೆ ಲಕ್ಷಾಂತರ ಸಾದಾ ಮಸ್ಟಾಂಗ್‌ಗಳಿದ್ದವು. ಅವುಗಳ ಮುಂಭಾಗದ ಲೋಹ ಜಿಟಿ350ದೇ. ತೋಳು ಅದೇ, ಬೋಲ್ಟ್ ಅದೇ. ಇಲ್ಲದ್ದು ತೂತು ಮಾತ್ರ. ಶೆಲ್ಬಿ ಕಾರು ಕೊಳ್ಳೋ ತಾಕತ್ತಿಲ್ಲದ ಹುಡುಗ ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ತಗೊಂಡು ತಾನೇ ಅಳತೆ ಮಾಡಿ ಕೊರೆದ. ಈ ಕೆಲಸಕ್ಕೆ ಹೆಸರೇ ಬಿತ್ತು: ಶೆಲ್ಬಿ ಡ್ರಾಪ್. ಚರಿತ್ರೆ ಬಲ್ಲ ಕೆಲವರು ಆರ್ನಿಂಗ್ ಡ್ರಾಪ್ ಅಂತಾರೆ, ನ್ಯಾಯವೂ ಅದೇ. ಕಾಗದದ ಮೇಲೆ ತೂತಿನ ಗುರುತು ಹಾಕಿದ ಅಚ್ಚುಗಳು ಕೈಯಿಂದ ಕೈಗೆ ದಾಟಿದವು.

ಇಂಥವರಿಗೆ ಸಿಕ್ಕ ಅಖಾಡವೇ ಆಟೋಕ್ರಾಸ್. ನಮ್ಮಲ್ಲಿ ಆಟೋಕ್ರಾಸ್ ಅಂದ್ರೆ ಮಣ್ಣಿನ ಟ್ರ್ಯಾಕು, ಕೆಂಪು ಧೂಳು. ಅಮೆರಿಕದಲ್ಲಿ ಹಾಗಲ್ಲ. ಖಾಲಿ ಪಾರ್ಕಿಂಗ್ ಲಾಟೋ, ಹಳೇ ವಿಮಾನ ನಿಲ್ದಾಣದ ಟಾರೋ ಹುಡುಕಿ, ಕಿತ್ತಳೆ ಬಣ್ಣದ ಕೋನ್‌ಗಳನ್ನ ಇಟ್ಟು ಹಾವಿನಂಥ ದಾರಿ ಮಾಡ್ತಾರೆ. ಒಂದು ಸಲಕ್ಕೆ ಒಂದು ಕಾರು. ಸುಮಾರು ಒಂದು ನಿಮಿಷದ ಓಟ. ಕೋನ್ ಬಿದ್ರೆ ನಿಮ್ಮ ಟೈಮಿಗೆ ಸೆಕೆಂಡ್ ಸೇರಿಸ್ತಾರೆ. ಎದುರಾಳಿ ಗಡಿಯಾರ ಮಾತ್ರ. ಬೇಕಿರೋದು ಒಂದು ಹೆಲ್ಮೆಟ್ಟು, ಬ್ರೇಕು ಸರಿಯಿರೋ ಕಾರು. 1944ರಲ್ಲಿ ಹುಟ್ಟಿದ ಎಸ್‌ಸಿಸಿಎ 1973ರಲ್ಲಿ ಇದಕ್ಕೂ ರಾಷ್ಟ್ರೀಯ ಚಾಂಪಿಯನ್‌ಶಿಪ್ ಶುರು ಮಾಡಿತು. ಈಗ ಅದು ನೆಬ್ರಾಸ್ಕಾದ ಲಿಂಕನ್ ಊರಲ್ಲಿ ನಡೆಯತ್ತೆ. ಹಳೇ ಅಮೆರಿಕನ್ ಕಾರುಗಳಿಗೇ ಅಂತ ಅಲ್ಲಿ ಬೇರೆ ವರ್ಗವೂ ಇದೆ.

ಗಮನಿಸಿ, ಈ ಆಟದಲ್ಲಿ ಉದ್ದನೆಯ ನೇರ ದಾರಿಯೇ ಇಲ್ಲ. ದೊಡ್ಡ ಇಂಜಿನ್ ಕೊಂಡವನಿಗೆ ಅದನ್ನ ತೋರಿಸೋಕೆ ಜಾಗ ಇಲ್ಲ. ಇರೋದೆಲ್ಲ ತಿರುವು. ತಿರುವಲ್ಲಿ ಟೈರು ನೆಲಕ್ಕೆ ಕೂತವನು ಗೆಲ್ತಾನೆ. ಹಾಗಾಗಿ ಕಂಪನಿ ಬೇಡ ಅಂತ ಬಿಟ್ಟ ಆ ಇಂಚಿಗೆ ಇಲ್ಲಿ ಬೆಲೆ ಬಂತು.

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ

ಅರವತ್ತು ವರ್ಷದ ಅನುಭವದಿಂದ ಈ ಜನ ಕಲಿತ ಒಂದು ಕ್ರಮ ಇದೆ. ಅದನ್ನ ಕೇಳೋದು ಒಳ್ಳೆಯದು. ಯಾಕಂದ್ರೆ ದುಡ್ಡು ವ್ಯರ್ಥ ಆಗೋದು ಕ್ರಮ ತಪ್ಪಿದಾಗ.

ಮೊದಲು ರಿಪೇರಿ, ಆಮೇಲೆ ಅಪ್‌ಗ್ರೇಡ್. ಹಳೇ ಕಾರಿನ ರಬ್ಬರ್ ಬುಷ್ಷುಗಳು ಒಣಗಿ ಬಿರುಕು ಬಿಟ್ಟಿರ್ತವೆ, ಬಾಲ್ ಜಾಯಿಂಟ್ ಸಡಿಲ ಆಗಿರತ್ತೆ. ಸ್ಪ್ರಿಂಗು ಕೂರೋ ಶಾಕ್ ಟವರ್‌ನಲ್ಲಿ ಸೀಳು ಬಿಟ್ಟಿದೆಯಾ ಅಂತ ನೋಡಬೇಕು. ಇವೆಲ್ಲ ಸರಿ ಇಲ್ಲದೆ ಎಷ್ಟೇ ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿದ್ರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಎರಡನೆಯದು ಟೈರು, ವೀಲ್ ಅಲೈನ್‌ಮೆಂಟು. ಕಾರಿನ ಮ್ಯಾನುಯಲ್‌ನಲ್ಲಿರೋ ಅಲೈನ್‌ಮೆಂಟ್ ಅಳತೆ 1960ರ ದಶಕದ ಬಯಾಸ್ ಪ್ಲೈ ಟೈರಿಗೆ ಬರೆದದ್ದು. ಇವತ್ತಿನ ರೇಡಿಯಲ್ ಟೈರಿಗೆ ಚಕ್ರದ ತಲೆ ತುಸು ಒಳಕ್ಕೆ ಇದ್ರೆ ಹಿಡಿತ ಜಾಸ್ತಿ.

ಮೂರನೆಯದು ನಮ್ಮ ಇಂಚು. ಒಂದೊಂದು ಕಡೆ ಎರಡೆರಡು, ಒಟ್ಟು ನಾಲ್ಕು ತೂತು. ಸ್ಪ್ರಿಂಗು ಬಿಚ್ಚೋ ಕೆಲಸ ಮಾತ್ರ ಹುಡುಗಾಟಿಕೆ ಅಲ್ಲ. ಒತ್ತಿ ಹಿಡಿದ ಸ್ಪ್ರಿಂಗು ಜಾರಿದರೆ ಪ್ರಾಣಕ್ಕೇ ಬರತ್ತೆ, ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಗುರುತು ಹಾಕಿ, ಮೊದಲು ಸಣ್ಣ ಬಿಟ್ಟಿನಲ್ಲಿ ಕೊರೆದು, ಆಮೇಲೆ ದೊಡ್ಡದು ಮಾಡ್ತಾರೆ. ಮುಗಿದ ಮೇಲೆ ಮತ್ತೆ ಅಲೈನ್‌ಮೆಂಟ್. ಒಂದು ಇಂಚು ಒಳ್ಳೆಯದಾದ್ರೆ ಎರಡು ಇಂಚು ಇನ್ನೂ ಒಳ್ಳೆಯದಲ್ವಾ ಅಂತ ಕೇಳೋರು ಇರ್ತಾರೆ. ಅಲ್ಲ. ಇನ್ನೂ ಇಳಿಸಿದ್ರೆ ಬಾಲ್ ಜಾಯಿಂಟಿನ ಕೋನ ಮಿತಿ ಮೀರಿ ಸಿಕ್ಕಿಹಾಕಿಕೊಳ್ಳತ್ತೆ, ಅದಕ್ಕೆ ಬೇರೆ ಭಾಗ ಕೊಳ್ಳಬೇಕಾಗತ್ತೆ. ಇನ್ನೊಂದು ವಿಷಯ: ಈ ಅಳತೆ ಮಸ್ಟಾಂಗ್‌ಗೆ ಸೀಮಿತ. ನಿಮ್ಮ ತಾತನ ಪದ್ಮಿನಿಗೆ ಇದೇ ಇಂಚು ಅಂತ ಡ್ರಿಲ್ ಎತ್ತಿಕೊಳ್ಳಬೇಡಿ!

ಆಮೇಲೆ ದಪ್ಪ ಆಂಟಿ ರೋಲ್ ಬಾರ್, ಅದಾದ ಮೇಲೆ ಶಾಕ್ ಅಬ್ಸಾರ್ಬರ್, ಸ್ಪ್ರಿಂಗು. ಇಂಜಿನ್ ಮೇಲೆ ಅಡ್ಡಲಾಗಿ ಕೂರೋ ಎರಡು ಕಬ್ಬಿಣದ ತುಂಡುಗಳ ವಿಷಯ ಕೇಳಿ. ಒಂದು ಎಕ್ಸ್‌ಪೋರ್ಟ್ ಬ್ರೇಸ್. ರಸ್ತೆ ಕೆಟ್ಟದಾಗಿರೋ ದೇಶಗಳಿಗೆ ಕಳಿಸೋ ಕಾರು ಬಾಗಬಾರದು ಅಂತ ಫೋರ್ಡೇ ಮಾಡಿಸಿದ್ದು. ಇನ್ನೊಂದು ಮಾಂಟೆ ಕಾರ್ಲೊ ಬಾರ್. 1963, 64ರಲ್ಲಿ ಫಾಲ್ಕನ್ ಕಾರುಗಳು ಮಾಂಟೆ ಕಾರ್ಲೊ ರ‍್ಯಾಲಿಗೆ ಹೋಗಿದ್ದವು. 1964ರಲ್ಲಿ ಬೋ ಯುಂಗ್‌ಫೆಲ್ಟ್ ಓಡಿಸಿದ ಫಾಲ್ಕನ್, ಪುಟಾಣಿ ಮಿನಿ ಕೂಪರ್‌ಗೆ ಸೋತು ಎರಡನೇ ಸ್ಥಾನ ಪಡೀತು. ಹೆಸರು ಬಂದಿದ್ದು ಆ ರ‍್ಯಾಲಿಯಿಂದ. ಗುಂಡಿ ಬಿದ್ದ ರಸ್ತೆಗೆ ಅಂತ ಮಾಡಿದ ಕಬ್ಬಿಣವೇ ಇವತ್ತು ನುಣ್ಣನೆ ಟಾರಿನ ಮೇಲೆ ಸೆಕೆಂಡಿನ ಭಾಗ ಉಳಿಸ್ತಿದೆ.

ಯಾರ ಸೊತ್ತು?

ಈ ಕಥೆಯನ್ನ ಹೇಳಬೇಕು ಅನಿಸಿದ್ದು ಒಂದು ಕಾರಣಕ್ಕೆ. ಕಾರಿನ ಚರಿತ್ರೆ ಅಂದ ಕೂಡಲೇ ನಮಗೆ ಹರಾಜಿನ ಬೆಲೆ, ಸಿನಿಮಾ, ದೊಡ್ಡ ಹೆಸರು ನೆನಪಾಗತ್ತೆ. 38.5 ಲಕ್ಷ ಡಾಲರಿನ ಕಾರು ಈಗ ಯಾವುದೋ ಬೀಗ ಹಾಕಿದ ಕೋಣೆಯಲ್ಲಿರಬಹುದು. ಅದನ್ನ ಮುಟ್ಟೋಕೂ ನಮ್ಮಂಥವರಿಗೆ ಬಿಡಲ್ಲ. ಆದರೆ ಆ ಕಾರಿನೊಳಗಿನ ತಿಳಿವಳಿಕೆಗೆ ಬೀಗ ಹಾಕೋಕೆ ಆಗಲಿಲ್ಲ. ಒಬ್ಬ ಇಂಜಿನಿಯರ್ ಕಂಡುಕೊಂಡ, ಒಂದು ನಿಯಮದಿಂದ ಜನರ ಕೈ ಸೇರಿತು, ಖರ್ಚಿನ ಲೆಕ್ಕದಲ್ಲಿ ಕಂಪನಿ ಕೈಬಿಟ್ಟಿತು. ಆಮೇಲೆ ಅದನ್ನ ಉಳಿಸಿದ್ದು ದುಡ್ಡಿಲ್ಲದ ಹವ್ಯಾಸಿಗಳು. ಭಾನುವಾರ ಅಂಗಿ ತೋಳು ಮಡಿಚಿ, ಕಾರಿನಡಿ ಮಲಗಿದವರು.

ಇನ್ನೂ ಒಂದು ಚಂದದ ವಿಷಯ ಇದೆ. ಶೆಲ್ಬಿ ಡ್ರಾಪ್ ಮಾಡಿದ ಮೇಲೂ ಫೋರ್ಡ್‌ನ ಹಳೇ ತೂತುಗಳು ಹಾಗೇ ಮೇಲೆ ಇರ್ತವೆ. ಬೇಡ ಅನಿಸಿದ್ರೆ ತೋಳನ್ನ ವಾಪಸ್ ಅಲ್ಲೇ ಕೂರಿಸಬಹುದು. ಒಂದೇ ತಗಡಿನಲ್ಲಿ ಎರಡು ಸಾಲು ತೂತು: ಮೇಲಿನದು ಕಾರ್ಖಾನೆ ಕೊಟ್ಟದ್ದು, ಕೆಳಗಿನದು ಮಾಲೀಕ ತಿಳಿದು ಕೊರೆದದ್ದು. ಹಳೇ ಮಸ್ಟಾಂಗ್ ಎಲ್ಲಾದ್ರೂ ಕಣ್ಣಿಗೆ ಬಿದ್ದು, ಮಾಲೀಕರು ಬಾನೆಟ್ ಎತ್ತಿ ತೋರಿಸಿದ್ರೆ, ಇಂಜಿನ್ ನೋಡಿ ಮುಗಿಸಬೇಡಿ. ಪಕ್ಕದ ಶಾಕ್ ಟವರ್ ಕಡೆಗೂ ಒಮ್ಮೆ ಬಗ್ಗಿ ನೋಡಿ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಗ್ಯಾರೇಜಿನಲ್ಲಿ ಇಂಥದ್ದೇ ಜಾಣತನ ಕಂಡಿದ್ರೆ ನಮಗೆ ಬರೆದು ಕಳಿಸಿ.